ಗ್ಯಾಸ್ ಒಲೆಯ ಮೇಲೆ ಮೆತ್ತನೆಯ ನಾನ್: ಮುಂಬಯಿ ಅಡುಗೆಮನೆಗೆ ಒಪ್ಪುವ ವಿಧಾನ

ಮನೆಯಲ್ಲಿ ಮಾಡಿದ ನಾನ್ ತಟ್ಟೆಗೆ ಬಿದ್ದ ಹತ್ತು ನಿಮಿಷದಲ್ಲಿ ಬಿರುಸಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಹಿಟ್ಟಿನಲ್ಲಿ ನೀರು ಸಾಲದು, ತವಾದಲ್ಲಿ ಕಾವು ಸಾಲದು. ಚಪಾತಿ ಹಿಟ್ಟಿಗೆ ಪಳಗಿದ ಕೈ ನಾನ್ ಹಿಟ್ಟನ್ನೂ ಅದೇ ಹದಕ್ಕೆ ತಂದು ನಿಲ್ಲಿಸುತ್ತದೆ. ನಾನಿಗೆ ಅದು ತೀರಾ ಗಟ್ಟಿ. ಆಮೇಲೆ ನಡು ಉರಿಯಲ್ಲಿ ನಾಲ್ಕು ನಿಮಿಷ ಬೇಯಿಸುವಷ್ಟರಲ್ಲಿ ಇದ್ದ ತೇವವೂ ಆವಿಯಾಗಿ ಹೋಗಿರುತ್ತದೆ. ತಂದೂರಿನ ಒಳಗೋಡೆ 400 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುವುದುಂಟು. ಅಲ್ಲಿ ನಾನ್ ಒಂದು, ಒಂದೂವರೆ ನಿಮಿಷದಲ್ಲಿ ಬೆಂದು ಹೊರಬರುವುದರಿಂದ ಒಳಗಿನ ನೀರು ಒಳಗೇ ಉಳಿಯುತ್ತದೆ. ಮನೆಯ ತವಾಕ್ಕೆ ಅಷ್ಟು ಕಾವು ಬರುವುದಿಲ್ಲ. ಆ ಕೊರತೆಯನ್ನು ಹೆಚ್ಚು ನೀರಿನ ಹಿಟ್ಟು, ಸಾಕಷ್ಟು ವಿಶ್ರಾಂತಿ, ಚೆನ್ನಾಗಿ ಕಾದ ತವಾ, ಎರಡು ನಿಮಿಷದೊಳಗಿನ ಬೇಯುವಿಕೆ ಇವುಗಳಿಂದ ತುಂಬಿಕೊಳ್ಳಬೇಕು.

ಹೋಟೆಲ್ ನಾನಿನ ರುಚಿಯೆಲ್ಲ ಇದ್ದಿಲಿನದು ಎಂದು ಹಲವರು ನಂಬಿದ್ದಾರೆ. ಅದರ ಬಹುಪಾಲು ಆ ಭಾರೀ ಕಾವಿನದು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ನೀಡಿದ ಆದೇಶದ ಬಳಿಕ ಮುಂಬಯಿ ಮಹಾನಗರಪಾಲಿಕೆ ಇದ್ದಿಲು ತಂದೂರಿನ ಹೋಟೆಲುಗಳಿಗೂ ಗ್ಯಾಸ್ ಅಥವಾ ವಿದ್ಯುತ್ತಿಗೆ ಬದಲಾಗುವಂತೆ ನೋಟೀಸು ಕೊಟ್ಟಿತು. ಗ್ಯಾಸ್ ತಂದೂರಿನಲ್ಲೂ ನಾನ್ ಮೆತ್ತಗೇ ಬರುತ್ತದೆ. ಹಾಗಾಗಿ ಡೊಂಬಿವಲಿಯ ಫ್ಲ್ಯಾಟಿನ ಪೈಪ್ ಗ್ಯಾಸಿನಲ್ಲಿ ಬರಲಾರದು ಎಂದು ಕೈಬಿಡಬೇಕಾಗಿಲ್ಲ.

ಬೇಕಾಗುವ ಸಾಮಾನು (8 ನಾನ್, ನಾಲ್ಕು ಜನರಿಗೆ)

ಮೈದಾ 400 ಗ್ರಾಂ
ಗಟ್ಟಿ ಮೊಸರು 100 ಗ್ರಾಂ
ಹಾಲು 100 ಮಿ.ಲೀ.
ನೀರು 80ರಿಂದ 95 ಮಿ.ಲೀ.
ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ (ಸುಮಾರು ಒಂದೂಕಾಲು ಟೀ ಚಮಚ)
ಸಕ್ಕರೆ 10 ಗ್ರಾಂ (ಎರಡು ಟೀ ಚಮಚ)
ಪುಡಿ ಉಪ್ಪು ಒಂದೂಕಾಲು ಟೀ ಚಮಚ
ಎಣ್ಣೆ ಒಂದೂವರೆ ದೊಡ್ಡ ಚಮಚ
ಮೇಲೆ ಸವರಲು ಬೆಣ್ಣೆ, ಉದುರಿಸಲು ಕಲೌಂಜಿ (ಕರಿ ಜೀರಿಗೆ) ಅಥವಾ ಎಳ್ಳು

ಮೈದಾವನ್ನು ತೂಕ ಮಾಡಿಯೇ ತೆಗೆದುಕೊಳ್ಳಿ. ಒಂದೇ ಲೋಟದಲ್ಲಿ ಒತ್ತಿ ತುಂಬಿದರೆ 150 ಗ್ರಾಂ, ಹಗುರವಾಗಿ ಸುರಿದರೆ 120 ಗ್ರಾಂ ಬರಬಹುದು. ಅಷ್ಟು ವ್ಯತ್ಯಾಸಕ್ಕೇ ಹಿಟ್ಟಿನ ಹದ ಕೆಡುತ್ತದೆ. ಸಣ್ಣ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ 240 ಮಿ.ಲೀ. ಅಳತೆಯ ಕಪ್ಪಿನಲ್ಲಿ, ಚಮಚದಿಂದ ಸುರಿದು ಮೇಲ್ಭಾಗ ಸಮ ಮಾಡಿ, ಮೂರೂಕಾಲು ಕಪ್ ಅಳೆಯಿರಿ.

ಪ್ಯಾಕೆಟ್ಟಿನ ಹಿಂಬದಿಯಲ್ಲಿ 100 ಗ್ರಾಮಿಗೆ 10–11 ಗ್ರಾಂ ಪ್ರೋಟೀನ್ ಎಂದಿರುವ ಮೈದಾ ಒಳ್ಳೆಯದು. ಹಿಟ್ಟಿಗೆ ಎಳೆ ಕೊಡುವ ಗ್ಲುಟನ್ ಆ ಪ್ರೋಟೀನಿನಿಂದಲೇ ಬರುತ್ತದೆ. ಎಳೆಯಿಲ್ಲದ ಹಿಟ್ಟು ಗಾಳಿಯನ್ನು ಹಿಡಿದಿಡಲಾರದೆ ಉಬ್ಬದೆ ಉಳಿಯುತ್ತದೆ. ಮಳೆಗಾಲದಲ್ಲಿ ಕಿರಾಣಿ ಅಂಗಡಿಯ ಬಿಡಿ ಮೈದಾ ತಂದರೆ ಜರಡಿ ಹಿಡಿಯದೆ ಬಳಸಬೇಡಿ. ಹುಳು ಸಿಗುತ್ತದೆ, ಮುಗ್ಗಲು ವಾಸನೆ ಬಂದಿದ್ದರಂತೂ ಯಾವ ಬೆಣ್ಣೆಯೂ ಅದನ್ನು ಮುಚ್ಚುವುದಿಲ್ಲ.

ಮೊಸರು ಹಿಂದಿನ ದಿನ ಹೆಪ್ಪು ಹಾಕಿದ್ದು, ಸ್ವಲ್ಪ ಹುಳಿ ಇರುವುದು ಸರಿ. ಡೇರಿಯಿಂದ ತಂದ ಚಕ್ಕಾದಂಥ (ನೀರು ಬಸಿದ) ಗಟ್ಟಿ ಮೊಸರಾದರೆ ನೀರನ್ನು 15 ಮಿ.ಲೀ. ಹೆಚ್ಚಿಸಿ. ನೀರು ಬಿಟ್ಟ ತೆಳು ಮೊಸರಾದರೆ ಅಷ್ಟೇ ಕಡಿಮೆ ಮಾಡಿ. ಹಾಲಿನ ಸಕ್ಕರೆಯನ್ನು ಯೀಸ್ಟ್ ತಿನ್ನುವುದಿಲ್ಲ. ಅದು ಹಿಟ್ಟಿನಲ್ಲೇ ಉಳಿದು ಬೇಯುವಾಗ ಕಂದು ಬಣ್ಣ ಕೊಡುತ್ತದೆ. ಕಡಿಮೆ ಕಾವಿನ ಮನೆಯ ಒಲೆಗೆ ಈ ಸಹಾಯ ಬೇಕು, ಆದ್ದರಿಂದ ಹಾಲು ಬಿಟ್ಟು ಬರೀ ನೀರಿನಲ್ಲಿ ಕಲಸಬೇಡಿ.

ಯೀಸ್ಟ್ ಕೊಳ್ಳುವಾಗ ಹೆಸರು ನೋಡಿ. ಸಣ್ಣ ರವೆಯಂತಿರುವ ಇನ್‌ಸ್ಟಂಟ್ ಯೀಸ್ಟನ್ನು ನೇರ ಮೈದಾಕ್ಕೆ ಬೆರೆಸಬಹುದು. ದಪ್ಪ ಕಾಳಿನ ಆ್ಯಕ್ಟಿವ್ ಡ್ರೈ ಯೀಸ್ಟಾದರೆ 5 ಗ್ರಾಂ ತೆಗೆದುಕೊಂಡು, ಅಳತೆಯ ನೀರಿನಲ್ಲೇ 60 ಮಿ.ಲೀ.ಯನ್ನು ಉಗುರು ಬೆಚ್ಚಗೆ ಮಾಡಿ, ಒಂದು ಚಮಚ ಸಕ್ಕರೆಯೊಂದಿಗೆ ಹತ್ತು ನಿಮಿಷ ನೆನೆಸಿಡಿ. ನೊರೆ ಏಳದಿದ್ದರೆ ಯೀಸ್ಟ್ ಸತ್ತಿದೆ, ಅದನ್ನು ಚೆಲ್ಲಿ ಹೊಸ ಪ್ಯಾಕೆಟ್ ಒಡೆಯಿರಿ. ನೀರು 38–42 ಡಿಗ್ರಿ ಇದ್ದರೆ ಸಾಕು, ಅಂದರೆ ಬೆರಳಿಟ್ಟರೆ ಹಿತವಾಗಿರಬೇಕು. 55–60 ಡಿಗ್ರಿ ಮುಟ್ಟಿದರೆ ಯೀಸ್ಟ್ ಸಾಯುತ್ತದೆ. ತೆರೆದ ಯೀಸ್ಟ್ ಪ್ಯಾಕೆಟ್ಟನ್ನು ಈ ಊರಿನ ತೇವದ ಗಾಳಿಯಲ್ಲಿ ಕಪಾಟಿನಲ್ಲಿಟ್ಟರೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ.

ಕಲಸುವುದು

1. ಅಗಲ ಪಾತ್ರೆಯಲ್ಲಿ ಮೈದಾ, ಯೀಸ್ಟ್, ಸಕ್ಕರೆ, ಉಪ್ಪು ಹಾಕಿ ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ. ಮೊಸರು, ಹಾಲು, 80 ಮಿ.ಲೀ. ನೀರು ಸುರಿದು ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ.

2. ಪಾತ್ರೆ ಮುಚ್ಚಿ 20 ನಿಮಿಷ ಹಾಗೇ ಬಿಡಿ. ಈ ಹೊತ್ತಿನಲ್ಲಿ ಮೈದಾ ನೀರು ಕುಡಿದು ತಾನಾಗಿಯೇ ಎಳೆಗಟ್ಟುತ್ತದೆ, ಆಮೇಲೆ ನಾದುವ ಕೆಲಸ ಅರ್ಧಕ್ಕಿಳಿಯುತ್ತದೆ.

3. ಎಣ್ಣೆ ಹಾಕಿ 6ರಿಂದ 8 ನಿಮಿಷ ನಾದಿ. ಮೊದಲೇ ಎಣ್ಣೆ ಹಾಕಿದರೆ ಮೈದಾದ ಕಣಗಳಿಗೆ ಜಿಡ್ಡು ಮೆತ್ತಿಕೊಂಡು ನೀರು ಹೀರುವುದು ನಿಧಾನವಾಗುತ್ತದೆ.

ಮೂರನೆಯ ಹಂತದಲ್ಲೇ ಹೆಚ್ಚಿನವರು ಸೋಲುತ್ತಾರೆ. ಹಿಟ್ಟು ಮೊದಲ ಮೂರು ನಿಮಿಷ ಕೈಗೆ ಅಂಟುತ್ತದೆ, ಅಂಟಬೇಕು. ಆಗ ಗಾಬರಿಯಿಂದ ಒಂದು ಹಿಡಿ ಮೈದಾ ಉದುರಿಸಿದರೆ ನಾನ್ ಗಟ್ಟಿಯಾಗುವುದು ಅಲ್ಲಿಗೇ ಖಚಿತವಾದಂತೆ. ಮೈದಾದ ಬದಲು ಅಂಗೈಗೆ ನಾಲ್ಕು ಹನಿ ಎಣ್ಣೆ ಹಚ್ಚಿಕೊಂಡು, ಹಿಟ್ಟನ್ನು ಎಳೆದು ಮಡಿಸುತ್ತ ಮುಂದುವರಿಯಿರಿ. ಐದನೆಯ ನಿಮಿಷದ ಹೊತ್ತಿಗೆ ಅದು ಪಾತ್ರೆಯ ಬದಿ ಬಿಟ್ಟು ಒಂದಾಗುತ್ತದೆ. ಸಿದ್ಧವಾದ ಹಿಟ್ಟು ಕಿವಿಯ ಹಾಲೆಯಷ್ಟು ಮೃದುವಾಗಿರಬೇಕು, ಮುಟ್ಟಿದರೆ ತುಸು ಜಿಗುಟು ಅನ್ನಿಸಿದರೂ ಬೆರಳಿಗೆ ಮೆತ್ತಿಕೊಳ್ಳಬಾರದು. ಸ್ವಲ್ಪ ಕಿತ್ತು ಎರಡೂ ಕೈಯಲ್ಲಿ ಮೆಲ್ಲಗೆ ಹಿಗ್ಗಿಸಿದರೆ ಹರಿಯದೆ ತೆಳು ಪರದೆಯಾಗಬೇಕು. ಹರಿದರೆ ಇನ್ನೆರಡು ನಿಮಿಷ ನಾದಿ. ಒಣಕಲು ಎನಿಸಿದರೆ ಉಳಿಸಿಕೊಂಡ ನೀರನ್ನು ಚಮಚ ಚಮಚವಾಗಿ ಸೇರಿಸಿ.

ಗೋಧಿ ಹಿಟ್ಟಿನಲ್ಲಿ ಮಾಡಬೇಕೆಂದರೆ ಅರ್ಧಕ್ಕರ್ಧ ಬೆರೆಸುವುದು ಒಳ್ಳೆಯ ಮಿತಿ. ಚಕ್ಕಿಯಲ್ಲಿ ಬೀಸಿದ ಹಿಟ್ಟು ಹೆಚ್ಚು ನೀರು ಕುಡಿಯುವುದರಿಂದ 30–40 ಮಿ.ಲೀ. ನೀರು ಹೆಚ್ಚು ಬೇಕು. ತೌಡಿನ ಚೂರುಗಳು ಗ್ಲುಟನ್ ಎಳೆಯನ್ನು ಕತ್ತರಿಸುತ್ತವೆ, ಆದ್ದರಿಂದ ಉಬ್ಬು ಕಡಿಮೆ. ಪೂರ್ತಿ ಗೋಧಿಯ ನಾನ್ ರುಚಿಯಾಗಿರಬಹುದು, ಆದರೆ ಮೈದಾದಷ್ಟು ಮೆತ್ತಗಾಗುವುದಿಲ್ಲ.

ಊರಿನ ಹವೆ, ಹಿಟ್ಟಿನ ಗಡಿಯಾರ

ಪುಸ್ತಕಗಳಲ್ಲಿ ಬರೆದ "ಒಂದು ಗಂಟೆ" ಎಲ್ಲ ಊರಿಗೂ ಎಲ್ಲ ತಿಂಗಳಿಗೂ ಸಲ್ಲುವುದಿಲ್ಲ. ಮೇ ತಿಂಗಳಲ್ಲಿ ಮುಂಬಯಿಯ ಅಡುಗೆಮನೆ 33 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕಾದ ಟೆರೇಸ್ ಟಾಂಕಿಯಿಂದ ಇಳಿಯುವ ನಲ್ಲಿ ನೀರೂ ಬೆಚ್ಚಗೇ ಇರುತ್ತದೆ. ಆ ನೀರಿನಲ್ಲಿ ಕಲಸಿದರೆ 40 ನಿಮಿಷದಲ್ಲೇ ಹಿಟ್ಟು ದುಪ್ಪಟ್ಟಾಗಿ, ನೀವು ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಮಿತಿಮೀರಿ ಹುದುಗಿರುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿನ ಹಾಲು, ಮಡಕೆಯ ತಣ್ಣೀರು ಬಳಸಿ. ಯೀಸ್ಟನ್ನು 3 ಗ್ರಾಮಿಗೆ ಇಳಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಂದರೆ ಬೇರೆ. ಮೈದಾ ಡಬ್ಬಿಯಲ್ಲಿದ್ದಾಗಲೇ ಗಾಳಿಯ ತೇವವನ್ನು ಹೀರಿರುತ್ತದೆ, ಅದಕ್ಕೇ ಬೇಸಿಗೆಯ ಅಳತೆಯ ನೀರು ಮಳೆಗಾಲಕ್ಕೆ ಜಾಸ್ತಿಯಾಗುತ್ತದೆ. 15 ಮಿ.ಲೀ. ಕೈಯಲ್ಲೇ ಉಳಿಸಿಕೊಂಡು ಶುರುಮಾಡಿ. ಗೋವಾ, ಕೊಂಕಣದ ಕರಾವಳಿಯಲ್ಲಿ ಇರುವವರಿಗೂ ಇದೇ ಮಾತು. ಈ ತಿಂಗಳುಗಳಲ್ಲಿ ಹಿಟ್ಟು ಉಬ್ಬಲು ಒಂದರಿಂದ ಒಂದೂಕಾಲು ಗಂಟೆ. ಡಿಸೆಂಬರ್–ಜನವರಿಯ ಮುಂಬಯಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಪುಣೆಯಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು, ಹವೆಯೂ ಒಣ. ಅಲ್ಲಿ ನೀರು 15 ಮಿ.ಲೀ. ಹೆಚ್ಚು ಬೇಕಾಗಬಹುದು. ಹಿಟ್ಟಿನ ಪಾತ್ರೆಯನ್ನು ಆಫ್ ಮಾಡಿದ ಮೈಕ್ರೋವೇವಿನೊಳಗೆ ಒಂದು ಲೋಟ ಕುದಿನೀರಿನ ಜೊತೆಗಿಟ್ಟು ಬಾಗಿಲು ಮುಚ್ಚಿ, ಮುಕ್ಕಾಲು ಗಂಟೆಗೊಮ್ಮೆ ನೀರು ಬದಲಿಸಿ.

ಗಡಿಯಾರಕ್ಕಿಂತ ಬೆರಳನ್ನು ನಂಬಿ. ಹಿಟ್ಟು ದುಪ್ಪಟ್ಟಾದಂತೆ ಕಂಡಾಗ ಎಣ್ಣೆ ಸವರಿದ ಬೆರಳಿನಿಂದ ಒಂದು ಅಂಗುಲ ಒತ್ತಿ. ಗುಳಿ ತಟ್ಟನೆ ಮುಚ್ಚಿಕೊಂಡರೆ ಇನ್ನೂ ಸಮಯ ಬೇಕು. ನಿಧಾನವಾಗಿ ಅರ್ಧ ಮುಚ್ಚಿಕೊಂಡರೆ ಹದ. ಮುಚ್ಚಿಕೊಳ್ಳದೆ ಹಿಟ್ಟೇ ಕುಸಿದು, ಹೆಂಡದ ವಾಸನೆ ಬಂದರೆ ಮಿತಿ ಮೀರಿದೆ. ಅಂಥ ಹಿಟ್ಟಿನಲ್ಲಿ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿರುತ್ತದೆ, ಎಳೆಯೂ ಸಡಿಲವಾಗಿರುತ್ತದೆ. ನಾನ್ ಬಿಳಿಚಿಕೊಂಡು ಚಪ್ಪಟೆಯಾಗಿ ಬರುವುದು ಇದರಿಂದ. 50 ಗ್ರಾಂ ಮೈದಾ, ಎರಡು ಚಮಚ ನೀರು, ಒಂದು ಟೀ ಚಮಚ ಸಕ್ಕರೆ ಸೇರಿಸಿ ನಾದಿ 20 ನಿಮಿಷ ಬಿಟ್ಟರೆ ತಕ್ಕಮಟ್ಟಿಗೆ ಸುಧಾರಿಸುತ್ತದೆ.

ಕೆಲಸದಿಂದ ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಫ್ರಿಜ್ಜಿನ ದಾರಿ ಒಳ್ಳೆಯದು. ಯೀಸ್ಟ್ 2 ಗ್ರಾಂ ಮಾತ್ರ ಹಾಕಿ ಹಿಂದಿನ ರಾತ್ರಿ ಕಲಸಿ, ಎಣ್ಣೆ ಸವರಿದ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ. ಡಬ್ಬಿ ಹಿಟ್ಟಿನ ಮೂರು ಪಟ್ಟು ದೊಡ್ಡದಿರಲಿ. 12ರಿಂದ 24 ಗಂಟೆ ಕಳೆದ ಹಿಟ್ಟಿಗೆ ರುಚಿಯೂ ಹೆಚ್ಚು, ಲಟ್ಟಿಸುವುದೂ ಸಲೀಸು. ನಮ್ಮ ಆಯ್ಕೆ ಯಾವಾಗಲೂ ಇದೇ.

ಯಾವ ತವಾ

ಹಿಡಿಯಿರುವ, ತಗ್ಗು ಇಲ್ಲದ, ಸಾದಾ ಕಬ್ಬಿಣದ 25 ಸೆಂ.ಮೀ. ತವಾ ಬೇಕು. ಭುಲೇಶ್ವರದ ಪಾತ್ರೆ ಅಂಗಡಿಗಳಲ್ಲಿ, ಪುಣೆಯಾದರೆ ತುಳಶಿಬಾಗಿನಲ್ಲಿ ಸುಲಭವಾಗಿ ಸಿಗುತ್ತದೆ. ತವಾವನ್ನು ನಾನ್ ಸಮೇತ ಉರಿಯ ಮೇಲೆ ಬೋರಲು ಹಿಡಿಯಬೇಕಾಗುವುದರಿಂದ ಹಿಡಿಯ ಸ್ಕ್ರೂ ಅಥವಾ ರಿವೆಟ್ ಅಲುಗಾಡದಂತಿರಲಿ. ಎರಕದ ಕಬ್ಬಿಣ ಕಾವು ಚೆನ್ನಾಗಿ ಹಿಡಿಯುತ್ತದೆ, ಆದರೆ ಒಂದು ಕೈಯಲ್ಲಿ ಎತ್ತಿ ತಿರುಗಿಸಲು ಭಾರ.

ನಾನ್‌ಸ್ಟಿಕ್ ಬೇಡವೇ ಬೇಡ. ಅದಕ್ಕೆ ನಾನ್ ಅಂಟುವುದಿಲ್ಲ, ಬೋರಲು ಮಾಡಿದರೆ ಬೆಂಕಿಗೆ ಬೀಳುತ್ತದೆ. ಮೇಲಾಗಿ ಅದರ ಲೇಪ 260 ಡಿಗ್ರಿ ಮೀರಿದ ಕಾವಿಗೆ ಹಾಳಾಗುತ್ತದೆ. ಇನ್ನು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ದೋಸೆ ಕಾವಲಿಯನ್ನೇ ನಾನಿಗೆ ಬಳಸುವುದು. ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ ಕಾವಲಿಗೆ ಒದ್ದೆ ನಾನ್ ಹಿಡಿಯುವುದಿಲ್ಲ. ನಾನಿಗೆ ಬೇಕಾದ ಕಾವಿನಲ್ಲಿ ಆ ಪಳಗಿದ ಪದರವೂ ಸುಟ್ಟುಹೋಗಿ ಮರುದಿನ ದೋಸೆ ಕಿತ್ತುಬರುತ್ತದೆ. ಎರಡಕ್ಕೂ ಬೇರೆ ಬೇರೆ ಕಬ್ಬಿಣ ಇರಲಿ.

ಉಂಡೆ, ಆಕಾರ

ಉಬ್ಬಿದ ಹಿಟ್ಟನ್ನು ಮೆಲ್ಲಗೆ ಒತ್ತಿ ಸುಮಾರು 90 ಗ್ರಾಮಿನ 8 ಉಂಡೆ ಮಾಡಿ. ಹೋಟೆಲಿನ ತಂದೂರ್ ಭಟ್ಟರು ಇದನ್ನು ಪೇಡಾ ಅನ್ನುತ್ತಾರೆ. ಅಂಚನ್ನು ತಳಕ್ಕೆ ಮಡಚಿ ಮೇಲ್ಮೈ ಬಿಗಿಯಾಗುವಂತೆ ಉರುಟಾಗಿಸಿ, ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚಿ 15–20 ನಿಮಿಷ ಬಿಡಿ. ಬಟ್ಟೆ ಮುಚ್ಚದಿದ್ದರೆ, ಅದರಲ್ಲೂ ಫ್ಯಾನ್ ಓಡುತ್ತಿದ್ದರೆ, ಉಂಡೆಯ ಮೇಲೆ ಹೊಪ್ಪಳೆ ಕಟ್ಟುತ್ತದೆ. ಬೆಂದಾಗ ಅದೇ ಭಾಗ ಗಡಸು.

ಲಟ್ಟಿಸಿದ್ದು ಮತ್ತೆ ಕುಗ್ಗಿ ಚಿಕ್ಕದಾದರೆ ಬಲ ಹಾಕಬೇಡಿ. ಎಳೆ ಬಿಗಿದುಕೊಂಡಿದೆ ಎಂದರ್ಥ, ಇನ್ನು 10 ನಿಮಿಷ ಬಿಟ್ಟರೆ ಸಡಿಲವಾಗುತ್ತದೆ. ಮಣೆಗೆ ಹಿಟ್ಟಿನ ಬದಲು ತೆಳುವಾಗಿ ಎಣ್ಣೆ ಸವರಿ, ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ತಟ್ಟಿ, ಕೊನೆಗೆ ಒಂದು ಕಡೆ ಹಿಡಿದೆತ್ತಿ. ತನ್ನ ಭಾರಕ್ಕೆ ತಾನೇ ಇಳಿದು ಉದ್ದವಾಗುತ್ತದೆ. ತಂದೂರಿನ ಗೋಡೆಗೆ ಅಂಟಿ ಜೋತು ಬೀಳುವಾಗ ಬರುವ ಆಕಾರವೂ ಇದೇ. ಲಟ್ಟಣಿಗೆ ಬಳಸುವವರು ಅಂಚಿನ ಮೇಲೆ ಉರುಳಿಸಬೇಡಿ. ದಪ್ಪ 5–6 ಮಿ.ಮೀ., ಉದ್ದ 18–20 ಸೆಂ.ಮೀ. ಇರಲಿ. ಚಪಾತಿಯಷ್ಟು ತೆಳುವಾದರೆ ಒಳಗೆ ತೇವ ನಿಲ್ಲಲು ಜಾಗವೇ ಇರುವುದಿಲ್ಲ. ಕಲೌಂಜಿಯನ್ನು ಈಗ ಉದುರಿಸಿ ಅಂಗೈಯಿಂದ ಒತ್ತಿ.

ಬೇಯಿಸುವುದು

ಅತಿ ದೊಡ್ಡ ಬರ್ನರ್ ಹಚ್ಚಿ. ಫ್ಯಾನ್ ಆರಿಸಿ, ಕಿಟಕಿ ತೆರೆದಿರಲಿ. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಪುಟ್ಟ ಮಕ್ಕಳು ಅಡುಗೆಮನೆಯ ಹೊರಗಿರಲಿ.

1. ತವಾವನ್ನು ದೊಡ್ಡ ಉರಿಯಲ್ಲಿ 4–5 ನಿಮಿಷ ಕಾಯಿಸಿ. ಎಣ್ಣೆ ಹಾಕಬೇಡಿ. ನೀರು ಚಿಮುಕಿಸಿದರೆ ಚುಂಯ್ ಎಂದು ಎರಡು ಕ್ಷಣದಲ್ಲಿ ಆರಿಹೋಗಬೇಕು. ಹನಿಗಳು ಆರದೆ ಗೋಲಿಯಾಗಿ ಓಡಾಡಿದರೆ ಕಾವು ಹೆಚ್ಚಾಗಿದೆ, ಆಗ ಉರಿ ತಗ್ಗಿಸಿ ಅರ್ಧ ನಿಮಿಷ ಕಾಯಿರಿ.

2. ನಾನಿನ ಕಲೌಂಜಿ ಇಲ್ಲದ ಬದಿಗೆ ಒದ್ದೆ ಅಂಗೈಯಿಂದ ನೀರನ್ನು ಧಾರಾಳವಾಗಿ, ಅಂಚಿನವರೆಗೂ ಸವರಿ. ಅಲ್ಲಿ ಒಣ ಹಿಟ್ಟಾಗಲಿ ಎಣ್ಣೆಯಾಗಲಿ ಉಳಿದಿದ್ದರೆ ಒರೆಸಿ. ಅವು ನಡುವೆ ಅಡ್ಡ ಬಂದರೆ ನಾನ್ ತವಾಕ್ಕೆ ಕಚ್ಚಿಕೊಳ್ಳುವುದಿಲ್ಲ.

3. ಒದ್ದೆ ಬದಿ ಕೆಳಗಾಗುವಂತೆ ತವಾಕ್ಕೆ ಹಾಕಿ ಅಂಚನ್ನು ಮೆಲ್ಲಗೆ ಒತ್ತಿ. ಮುಚ್ಚಳ ಮುಚ್ಚಿ 25–30 ಸೆಕೆಂಡು. ತಳದ ನೀರು ಆವಿಯಾಗಿ ಮೇಲ್ಭಾಗವನ್ನೂ ಬೇಯಿಸುತ್ತದೆ.

4. ಮುಚ್ಚಳ ತೆಗೆದಾಗ ಗುಳ್ಳೆಗಳು ಎದ್ದು, ಹಸಿ ಹೊಳಪು ಹೋಗಿರಬೇಕು. ಹಿಡಿ ಹಿಡಿದು ತವಾವನ್ನು ಬೋರಲು ಮಾಡಿ, ಉರಿಯಿಂದ 5–6 ಸೆಂ.ಮೀ. ಎತ್ತರದಲ್ಲಿ ಸುತ್ತಲೂ ಆಡಿಸಿ. 30–40 ಸೆಕೆಂಡಿನಲ್ಲಿ ಗುಳ್ಳೆಗಳ ನೆತ್ತಿ ಕಂದಾಗುತ್ತದೆ.

5. ತವಾವನ್ನು ನೆಟ್ಟಗಿಟ್ಟು ಚಪ್ಪಟೆ ಮಗುಚುವ ಕೈಯಿಂದ ನಾನನ್ನು ಕೆರೆದೆಬ್ಬಿಸಿ. ಕೂಡಲೇ ಬೆಣ್ಣೆ ಸವರಿ, ದಪ್ಪ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಕೊನೆಯ ಈ ಸುತ್ತಿಡುವ ಕೆಲಸವನ್ನು ಬಿಡಬೇಡಿ. ಬಟ್ಟೆಯೊಳಗೆ ಸಿಕ್ಕಿದ ಆವಿ ಹೊರಪದರವನ್ನು ಮೆದುವಾಗಿಸುತ್ತದೆ. ಸ್ಟೀಲ್ ಡಬ್ಬಿಯಲ್ಲಿ ನೇರ ಮುಚ್ಚಿಟ್ಟರೆ ಆವಿ ನೀರಾಗಿ ತೊಟ್ಟಿಕ್ಕಿ ತಳದ ನಾನ್ ಒದ್ದೆ ಮುದ್ದೆಯಾಗುತ್ತದೆ.

ಬೋರಲು ಮಾಡಿದಾಗ ನಾನ್ ಬಿದ್ದರೆ ಮೊದಲು ನಾಬ್ ತಿರುಗಿಸಿ ಗ್ಯಾಸ್ ಆರಿಸಿ, ಆಮೇಲೆ ಇಕ್ಕಳದಿಂದ ತೆಗೆಯಿರಿ. ಬರ್ನರಿನ ತೂತಿಗೆ ಹಿಟ್ಟು ಮೆತ್ತಿದ್ದರೆ ತಣಿದ ಮೇಲೆ ಬಿಡಿಸಿ. ಬೀಳುವುದಕ್ಕೆ ಕಾರಣ ತವಾ ಸಾಕಷ್ಟು ಕಾಯದಿರುವುದು, ನೀರು ಕಡಿಮೆಯಾಗಿರುವುದು ಅಥವಾ ತವಾಕ್ಕೆ ಜಿಡ್ಡು ಇರುವುದು. ಬಿಡಿಸಲಾರದಷ್ಟು ಕಚ್ಚಿಕೊಂಡರೆ ತಳ ಇನ್ನೂ ಬೆಂದಿಲ್ಲ, ಅರ್ಧ ನಿಮಿಷ ಕಾದರೆ ತಾನಾಗಿ ಬಿಡುತ್ತದೆ. ಮೇಲೆ ಕರಿ ಕಲೆ ಬಂದು ಒಳಗೆ ಹಸಿಯಾಗಿದ್ದರೆ ನಾನ್ ದಪ್ಪವಾಗಿದೆ, ಅಥವಾ ಮೂರನೆಯ ಹಂತ ಮುಗಿಯುವ ಮೊದಲೇ ಬೋರಲು ಮಾಡಿದ್ದೀರಿ. ಪ್ರತಿ ನಾನ್ ಆದ ಮೇಲೆ ತವಾವನ್ನು ಇಕ್ಕಳದಲ್ಲಿ ಹಿಡಿದ ಒದ್ದೆ ಬಟ್ಟೆಯಿಂದ ಒಮ್ಮೆ ಉಜ್ಜಿ. ಉಳಿದ ಹಿಟ್ಟು ಸುಟ್ಟು ಮುಂದಿನದಕ್ಕೆ ಕಹಿ ಹತ್ತುತ್ತದೆ.

ಬೆಳ್ಳುಳ್ಳಿ ನಾನಿಗೆ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿಯನ್ನು ಹಸಿಯಾಗಿ ಒತ್ತಿದರೆ ಉರಿಯಲ್ಲಿ ಸುಟ್ಟು ಕಹಿಯಾಗುತ್ತದೆ. ಬೆಣ್ಣೆಯಲ್ಲಿ ಒಂದು ನಿಮಿಷ ಬಾಡಿಸಿ, ಕೊತ್ತಂಬರಿ ಸೊಪ್ಪಿನ ಜೊತೆ ಬೆಂದ ನಾನಿನ ಮೇಲೆ ಸವರುವುದು ಲೇಸು.

ಯೀಸ್ಟ್ ಇಲ್ಲದೆ, ಗ್ಯಾಸ್ ಇಲ್ಲದೆ

ಮುಂಬಯಿಯ ಎಷ್ಟೋ ಹೋಟೆಲುಗಳು ಯೀಸ್ಟ್ ಮುಟ್ಟುವುದಿಲ್ಲ. ಅವರ ಹಿಟ್ಟು ಬೇಕಿಂಗ್ ಪೌಡರ್, ಸೋಡಾ, ಮೊಸರಿನಿಂದ ಏಳುತ್ತದೆ. ಮೇಲಿನ ಅಳತೆಗೆ ಯೀಸ್ಟಿನ ಬದಲು ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ ಎರಡು ಗಂಟೆ ಮುಚ್ಚಿಡಿ. ಹಿಟ್ಟು ಎದ್ದು ಕಾಣುವುದಿಲ್ಲ, ತವಾದ ಮೇಲೆ ಉಬ್ಬುತ್ತದೆ. ಹೆಚ್ಚು ಮೆತ್ತಗಾಗಲೆಂದು ಸೋಡಾ ಹೆಚ್ಚಿಸಬೇಡಿ. ಮೊಸರಿನ ಹುಳಿ ತೀರಿದ ಮೇಲೆ ಉಳಿಯುವ ಸೋಡಾ ಸಾಬೂನಿನ ರುಚಿ, ಹಳದಿ ಬಣ್ಣ ಎರಡನ್ನೂ ತರುತ್ತದೆ.

ಇಂಡಕ್ಷನ್ ಮಾತ್ರ ಇರುವ ಮನೆಯಲ್ಲಿ ಬೋರಲು ಮಾಡುವ ಪ್ರಶ್ನೆಯಿಲ್ಲ. ಎರಕದ ಕಬ್ಬಿಣದ ತವಾ ಚೆನ್ನಾಗಿ ಕಾಯಿಸಿ, ನೀರು ಸವರದೆ ನಾನ್ ಹಾಕಿ, ಮುಚ್ಚಿ ಒಂದು ನಿಮಿಷ ಬಿಟ್ಟು ಮಗುಚಿ, ಇನ್ನೊಂದು ಬದಿ 45 ಸೆಕೆಂಡು ಬೇಯಿಸಿ. ಓಟಿಜಿ (ವಿದ್ಯುತ್ ಓವನ್) ಇದ್ದರೆ ಇನ್ನೂ ಒಳ್ಳೆಯದು. 250 ಡಿಗ್ರಿಗೆ ಎರಡೂ ಕಾಯಿಲ್ ಹಚ್ಚಿ, ಟ್ರೇಯನ್ನು ಬೋರಲಾಗಿ ಮೇಲಿನ ಅಂತಸ್ತಿನಲ್ಲಿಟ್ಟು ಅರ್ಧ ಗಂಟೆ ಕಾಯಿಸಿ, ಬಿಸಿ ಟ್ರೇಯ ಮೇಲೆ ನಾನ್ ಹಾಕಿದರೆ 3–4 ನಿಮಿಷಕ್ಕೆ ಆಗುತ್ತದೆ. ಐದು ನಿಮಿಷ ದಾಟಿದರೆ ರಸ್ಕಿನ ಹಾದಿ ಹಿಡಿಯುತ್ತದೆ.

ಉಳಿದರೆ

ಬೆಂದ ನಾನನ್ನು ಫ್ರಿಜ್ಜಿನಲ್ಲಿಡಬೇಡಿ. ಆ ತಂಪಿನಲ್ಲಿ ಪಿಷ್ಟ ಹೊರಗಿನದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಅದೇ ದಿನ ತಿನ್ನುವುದಾದರೆ ಬಟ್ಟೆಯಲ್ಲಿ ಸುತ್ತಿ ಹೊರಗೇ ಇಡಿ. ನೆಂಟರು ಬರುವ ಮುನ್ನ ಮಾಡಿಡುವುದಾದರೆ ನಾಲ್ಕನೆಯ ಹಂತ ಬಿಟ್ಟು, ಬಿಳಿಯಾಗಿಯೇ ಎರಡೂ ಬದಿ ಅರೆಬೇಯಿಸಿ, ಆರಿಸಿ, ನಡುನಡುವೆ ಬಟರ್ ಪೇಪರ್ ಇಟ್ಟು ಫ್ರೀಜರಿಗೆ ಹಾಕಿ. ಬೇಕಾದಾಗ ಕರಗಿಸದೆ ನೇರ ಬಿಸಿ ತವಾಕ್ಕೆ ಹಾಕಿ, ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಒಂದೂವರೆ ನಿಮಿಷ. ಮೈಕ್ರೋವೇವೇ ಗತಿಯೆಂದರೆ ಒದ್ದೆ ಬಟ್ಟೆ ಸುತ್ತಿ 15–20 ಸೆಕೆಂಡು ಮಾತ್ರ, ತೆಗೆದ ಕೂಡಲೇ ತಿನ್ನಬೇಕು.

ಬೇಯಿಸದೆ ಉಳಿದ ಹಿಟ್ಟು ಫ್ರಿಜ್ಜಿನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಲಟ್ಟಿಸುವ 40 ನಿಮಿಷ ಮೊದಲು ಹೊರಗೆ ತೆಗೆಯಿರಿ. ಮೂರನೆಯ ದಿನಕ್ಕೆ ಹುಳಿ ಹೆಚ್ಚಿ ಎಳೆ ಸಡಿಲವಾಗಿರುತ್ತದೆ, ಆಗ ಉದ್ದಕ್ಕೆ ಎಳೆಯಲು ಹೋಗದೆ ಈರುಳ್ಳಿ, ಹಸಿಮೆಣಸು, ಪನೀರ್ ತುಂಬಿ ಸಣ್ಣ ಕುಲ್ಚಾ ತಟ್ಟಿಕೊಳ್ಳಿ.